ಸಿಟ್ಟು ಏರುವ ಮುಂಚೆಯೇ ಮಾಡಿಕೊಳ್ಳಬೇಕಾದ ಕೆಲಸ

ಕಬ್ಬು ಕಾರ್ಖಾನೆಗೆ ಹೋಗಿ ತಿಂಗಳು ಕಳೆದರೂ ಬಿಲ್ ಜಮಾ ಆಗಿಲ್ಲ. ಸಂಘದ ಕಂತು ಮಾತ್ರ ವಾರ ತಪ್ಪದೆ ಕಟ್ಟಬೇಕು. ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಎದ್ದು ಹೋಗಿ ನೀರು ಹಾಯಿಸಿ, ನಿದ್ದೆಗೆಟ್ಟು ಬೆಳಗ್ಗೆ ಮನೆಗೆ ಬಂದವನ ಮುಂದೆ ಮಗು ಚಹಾದ ಕಪ್ಪು ಕೆಡವುತ್ತದೆ. ಮುಂದಿನದು ಬಹಳ ಮನೆಗಳಿಗೆ ಗೊತ್ತು: ಒಂದು ಏಟು, ಒಂದು ಕೆಟ್ಟ ಮಾತು, ನಡುವೆ ಬಂದ ಹೆಂಡತಿಗೂ ಅದರ ಪಾಲು, ಅರ್ಧ ತಾಸಿನ ಮೇಲೆ ಯಾರಿಗೂ ಹೇಳಿಕೊಳ್ಳಲಾಗದ ಪಶ್ಚಾತ್ತಾಪ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ನೂಲಿನ ದರ ಮತ್ತು ಮಜೂರಿಯ ಲೆಕ್ಕ, ಘಟಪ್ರಭೆಯ ದಂಡೆಯ ಅನಗವಾಡಿಯ ಸುತ್ತ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನ ಚಿಂತೆ, ಜಮಖಂಡಿ, ಮುಧೋಳ, ಬೀಳಗಿಯ ಹೊಲಗಳಲ್ಲಿ ಕಬ್ಬಿನ ಕಟಾವಿನ ಗಡಿಬಿಡಿ. ಕಾರಣಗಳು ಬೇರೆ ಬೇರೆ, ಕೊನೆಗೆ ಕೇಳಿಬರುವ ಮಾತು ಒಂದೇ: “ಸಿಟ್ಟು ಬಂದ್ರ ಏನ್ ಮಾಡ್ತೀನಿ ಅಂತ ನನಗ ತಿಳಿಯೂದಿಲ್ರಿ.”

ಈ ಮಾತಿನಲ್ಲಿ ಸುಳ್ಳಿಲ್ಲ. ಸಿಟ್ಟು ನೆತ್ತಿಗೇರಿದ ಗಳಿಗೆಯಲ್ಲಿ ಅದನ್ನು ತಡೆಯುವುದು ನಿಜಕ್ಕೂ ಕಷ್ಟ. ತಪ್ಪಿರುವುದು ಇದರಿಂದ ನಾವು ತೆಗೆಯುವ ತೀರ್ಮಾನದಲ್ಲಿ. ಭಾವನೆಯ ಮೇಲಿನ ಹಿಡಿತವೆಂದರೆ ಆ ಗಳಿಗೆಯಲ್ಲಿ ತೋರಬೇಕಾದ ಮನೋಬಲ ಎಂದುಕೊಂಡು, ಅದು ಇದ್ದವರನ್ನು ಶಾಂತ ಸ್ವಭಾವದವರು, ಇಲ್ಲದವರನ್ನು ಸಿಡುಕರು ಎಂದು ಬೇರೆ ಮಾಡಿ ಕೈಬಿಡುತ್ತೇವೆ. ಹಿಡಿತದ ಬಹುಪಾಲು ಕೆಲಸ ನಡೆಯಬೇಕಾದ್ದು ಭಾವನೆ ಏರುವ ಮುಂಚೆ, ತಲೆ ತಣ್ಣಗಿರುವ ಹೊತ್ತಿನಲ್ಲಿ. ಹಿಡಕಲ್ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಮುಧೋಳದ ಹೊಳೆದಂಡೆಯವರು ದನ, ಮೇವು, ಕಾಗದಪತ್ರಗಳನ್ನು ಎತ್ತರಕ್ಕೆ ಸಾಗಿಸುತ್ತಾರೆ. ನೀರು ಹೊಸ್ತಿಲು ದಾಟಿದ ಮೇಲೆ ಆ ಕೆಲಸ ಆಗುವುದಿಲ್ಲವೆಂದು 2019ರ ಆಗಸ್ಟ್ ಪ್ರವಾಹ ಎಲ್ಲರಿಗೂ ಕಲಿಸಿದೆ. ಸಿಟ್ಟು, ಅಂಜಿಕೆ, ಅವಮಾನ, ಚಿಂತೆಗಳಿಗೂ ಇಂಥದೇ ಮುನ್ಸೂಚನೆಯ ಹೊತ್ತು ಇರುತ್ತದೆ. ಅದನ್ನು ಗುರುತಿಸುವುದು, ಬಳಸಿಕೊಳ್ಳುವುದು ಕಲಿಯಬಹುದಾದ ಕೆಲಸ.

ಒಳಗೆ ನಡೆಯುವುದೇನು?

ಮುಧೋಳದಲ್ಲಿ ಹುಟ್ಟಿದ ರನ್ನ ಸಾವಿರ ವರ್ಷಗಳ ಹಿಂದೆ ಬರೆದ ಗದಾಯುದ್ಧದಲ್ಲಿ ದುರ್ಯೋಧನ ವೈಶಂಪಾಯನ ಸರೋವರದೊಳಗೆ ಅಡಗಿ ಕುಳಿತಿರುತ್ತಾನೆ. ದಡದ ಮೇಲಿನಿಂದ ಭೀಮನ ಅಬ್ಬರ ಕೇಳಿದ್ದೇ ತಡ, ಸುತ್ತಲೂ ತಣ್ಣೀರಿದ್ದರೂ ಸಿಟ್ಟಿನಿಂದ ಅವನ ಮೈ ಬೆವರುತ್ತದೆ. ಕವಿಯ ಉತ್ಪ್ರೇಕ್ಷೆ ಎನಿಸಬಹುದು. ಆದರೆ ಭಾವನೆ ಮೊದಲು ಮೈಯಲ್ಲಿ ಏಳುತ್ತದೆ ಎಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿದೆ. ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ವಿಜ್ಞಾನವನ್ನು ವಿವರಿಸಿದರು. ಅಪಾಯ ಕಂಡಾಗ ದೇಹ ಹೊಡೆದಾಡಲು ಅಥವಾ ಓಡಲು ತಯಾರಾಗುತ್ತದೆ: ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಎದೆಬಡಿತ ಏರುತ್ತದೆ, ರಕ್ತ ಕೈಕಾಲಿನ ಸ್ನಾಯುಗಳಿಗೆ ನುಗ್ಗುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಮೈಮೇಲೆ ಎತ್ತು ಬಂದಾಗ ಇದು ಜೀವ ಉಳಿಸುವ ಏರ್ಪಾಡು. ತೊಂದರೆಯೆಂದರೆ, ಹಾಯಲು ಬಂದ ಎತ್ತಿಗೂ ನಾಲ್ಕು ಮಂದಿಯ ಎದುರು ಮೈದುನ ಆಡಿದ ಚುಚ್ಚುಮಾತಿಗೂ ದೇಹ ಇದೇ ಏರ್ಪಾಡನ್ನು ಮಾಡಿಕೊಳ್ಳುತ್ತದೆ.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ರಕ್ತಕ್ಕೆ ಸೇರಿದ ಅಡ್ರಿನಲಿನ್ ಕೆಲವೇ ನಿಮಿಷಗಳಲ್ಲಿ ಕರಗುತ್ತದೆ. ಹಾಗಿದ್ದರೆ ಬೆಳಗಿನ ಸಿಟ್ಟು ಸಂಜೆಯವರೆಗೆ ಉಳಿಯುವುದು ಹೇಗೆ? “ಅಂವ ನನಗ ಹಿಂಗಂದ್ನಲ್ಲ” ಎಂದು ನಾವು ಮತ್ತೆ ಮತ್ತೆ ನೆನೆದಾಗೆಲ್ಲ ದೇಹ ಹೊಸದಾಗಿ ತಯಾರಾಗುತ್ತದೆ. ಮೊದಲ ಉಕ್ಕು ನಮ್ಮ ಕೈಯಲ್ಲಿಲ್ಲ. ಎರಡನೆಯದು, ಮೂರನೆಯದು, ಹತ್ತನೆಯದು ಬಹುಮಟ್ಟಿಗೆ ನಮ್ಮ ಕೈಯಲ್ಲಿವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೇಮ್ಸ್ ಗ್ರಾಸ್ 1998ರಿಂದ ಬೆಳೆಸುತ್ತ ಬಂದ ಸಿದ್ಧಾಂತವೂ ಇದಕ್ಕೆ ಹೊಂದುತ್ತದೆ. ಭಾವನೆಗೆ ಹಂತಗಳಿವೆ ಎನ್ನುತ್ತಾರೆ ಅವರು: ಒಂದು ಸನ್ನಿವೇಶ, ಅದರಲ್ಲಿ ನಮ್ಮ ಗಮನ ಹೋಗುವ ಜಾಗ, ಅದಕ್ಕೆ ನಾವು ಕೊಡುವ ಅರ್ಥ, ಕೊನೆಗೆ ನಮ್ಮ ಪ್ರತಿಕ್ರಿಯೆ. ಎಷ್ಟು ಮುಂಚಿನ ಹಂತದಲ್ಲಿ ಕೈಹಾಕುತ್ತೇವೋ ಶ್ರಮ ಅಷ್ಟು ಕಡಿಮೆ, ಫಲ ಅಷ್ಟು ಹೆಚ್ಚು.

ನುಂಗುವುದೂ ಅಲ್ಲ, ಕಾರುವುದೂ ಅಲ್ಲ

ನಮ್ಮಲ್ಲಿ ಎರಡು ಸಲಹೆಗಳು ಬಳಕೆಯಲ್ಲಿವೆ. ಮೊದಲನೆಯದು, ಸಿಟ್ಟನ್ನು ನುಂಗಿಕೋ. ಇದನ್ನು ಹೆಚ್ಚಾಗಿ ಕೇಳುವವರು ಸೊಸೆಯಂದಿರು, ಕೂಲಿಯವರು, ಮನೆಯ ಕಿರಿಯರು. ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಮನಸ್ಸು ಕಲಕುವ ಚಲನಚಿತ್ರದ ತುಣುಕು ನೋಡುವಾಗ ಮುಖದಲ್ಲಿ ಏನನ್ನೂ ತೋರಗೊಡಬೇಡಿ ಎಂದು ಕೆಲವರಿಗೆ ಹೇಳಲಾಯಿತು. ಅವರ ಮುಖ ಶಾಂತವಾಗಿಯೇ ಇತ್ತು. ಒಳಗೆ ಮಾತ್ರ ದೇಹದ ಒತ್ತಡದ ಲಕ್ಷಣಗಳು ಏರಿದ್ದವು. 2003ರಲ್ಲಿ ಎಮಿಲಿ ಬಟ್ಲರ್ ಮತ್ತು ಸಂಗಡಿಗರು ಇನ್ನೊಂದು ವಿಷಯ ಕಂಡುಕೊಂಡರು: ಭಾವನೆಯನ್ನು ಅದುಮಿಟ್ಟುಕೊಂಡು ಮಾತಾಡುವವರ ಎದುರು ಕುಳಿತವರ ರಕ್ತದೊತ್ತಡವೂ ಏರುತ್ತದೆ. ಬಿರುಸು ಮುಖ ಮಾಡಿಕೊಂಡು ಎರಡು ದಿನ ಮಾತೇ ಆಡದ ಗಂಡ ತಾನು ಸಿಟ್ಟು ತಡೆದುಕೊಂಡೆ ಎಂದುಕೊಳ್ಳುತ್ತಾನೆ. ಆ ಮೌನದ ಭಾರ ಇಡೀ ಮನೆಯ ಮೇಲೆ ಬಿದ್ದಿರುತ್ತದೆ.

ಎರಡನೆಯ ಸಲಹೆ ಇದಕ್ಕೆ ವಿರುದ್ಧ: ಒಳಗಿಟ್ಟುಕೊಂಡರೆ ಒಂದು ದಿನ ಸಿಡಿಯುತ್ತದೆ, ಹೊರಗೆ ಹಾಕಿಬಿಡು. ತಟ್ಟೆ ಒಗೆ, ಕೂಗಾಡು, ಮನಸ್ಸು ಹಗುರಾಗುತ್ತದೆ. ಕೇಳಲು ಸರಿಯೆನಿಸುವ ಈ ಮಾತನ್ನು ಮನೋವಿಜ್ಞಾನಿ ಬ್ರಾಡ್ ಬುಷ್‌ಮನ್ 2002ರಲ್ಲಿ ಪರೀಕ್ಷಿಸಿದರು. ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಮರಳಿನ ಚೀಲದಂಥದಕ್ಕೆ ಗುದ್ದಿದವರ ಸಿಟ್ಟು, ಏನೂ ಮಾಡದೆ ಸುಮ್ಮನೆ ಕುಳಿತವರಿಗಿಂತ ಹೆಚ್ಚಾಗಿತ್ತು. 2024ರಲ್ಲಿ ಸೋಫಿ ಶೆರ್ವಿಕ್ ಮತ್ತು ಬುಷ್‌ಮನ್ ಸೇರಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇದೇ ಕಂಡಿತು: ದೇಹದ ಉದ್ರೇಕ ತಗ್ಗಿಸುವ ನಿಧಾನ ಉಸಿರು, ಧ್ಯಾನ, ಸ್ನಾಯು ಸಡಿಲಿಸುವ ಅಭ್ಯಾಸಗಳು ಸಿಟ್ಟನ್ನು ಇಳಿಸುತ್ತವೆ, ಉದ್ರೇಕ ಏರಿಸುವ ಕೆಲಸಗಳು ಒಟ್ಟಾರೆಯಾಗಿ ಇಳಿಸುವುದಿಲ್ಲ. ಕೂಗಾಡಿದ ಮೇಲೆ ಹಗುರಾದಂತೆ ಅನಿಸುವುದು ನಿಜ. ಆ ಹಗುರವೇ ಬಹುಮಾನವಾಗಿ ಮುಂದಿನ ಸಲ ಇನ್ನೂ ಬೇಗ ಕೂಗುವುದನ್ನು ಕಲಿಸುತ್ತದೆ.

ಇಲ್ಲಿ ಎಲ್ಲರೂ ಎತ್ತುವ ಆಕ್ಷೇಪವೊಂದಿದೆ: ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ನಮ್ಮಪ್ಪನೂ ಹೀಗೇ ಇದ್ದ, ನಾನೂ ಹೀಗೇ. ಕೆಲವರಿಗೆ ಬೇಗ ಸಿಟ್ಟು ಬರುತ್ತದೆ, ಕೆಲವರಿಗೆ ತಡವಾಗಿ. ಇದರಲ್ಲಿ ಹುಟ್ಟಿನ ಪಾಲು ಇದ್ದೇ ಇದೆ. ಆದರೆ ಇದೇ ಮನುಷ್ಯನನ್ನು ತಹಶೀಲ್ದಾರರ ಕಚೇರಿಯಲ್ಲಿ, ಬ್ಯಾಂಕಿನ ಕಿಟಕಿಯ ಮುಂದೆ, ಕಾರ್ಖಾನೆಯ ಕೇನ್ ಆಫೀಸಿನಲ್ಲಿ ನೋಡಿ. ಅಲ್ಲಿ ಮೂರು ತಾಸು ಕಾಯಿಸಿದರೂ, ನಾಳೆ ಬಾ ಎಂದರೂ “ಆತ್ರೀ ಸಾಹೇಬ್ರ” ಎಂದು ಹೊರಗೆ ಬರುತ್ತಾನೆ. ಮನೆಯಲ್ಲಿ ಉಪ್ಪು ಕಡಿಮೆಯಾದದ್ದಕ್ಕೆ ತಾಟು ತಳ್ಳುತ್ತಾನೆ. ತಡೆಯುವ ಶಕ್ತಿ ಅವನಲ್ಲಿ ಇದೆ ಎಂಬುದಕ್ಕೆ ಕೇನ್ ಆಫೀಸೇ ಸಾಕ್ಷಿ. ತಿರುಗಿ ಹೊಡೆಯಲಾರದವರ ಎದುರು ಅದನ್ನು ಬಳಸುವ ಅಗತ್ಯ ಅವನಿಗೆ ಕಂಡಿಲ್ಲ, ಅಷ್ಟೆ. ಈ ಮಾತು ಕಟುವಾಗಿದೆ, ಆದರೂ ಇದರಲ್ಲಿ ಭರವಸೆಯಿದೆ: ಇಲ್ಲದ ಶಕ್ತಿಯನ್ನು ಹುಟ್ಟಿಸಬೇಕಿಲ್ಲ, ಇರುವುದನ್ನು ಮನೆಯೊಳಗೂ ತರಬೇಕು.

ಮಾಡಬೇಕಾದ್ದು

1. ಮೈಯ ಸೂಚನೆಯನ್ನು ಗುರುತಿಸಿ. ಒಬ್ಬರಿಗೆ ಕಿವಿ ಬಿಸಿಯಾಗುತ್ತದೆ, ಇನ್ನೊಬ್ಬರಿಗೆ ಹಲ್ಲು ಬಿಗಿಯುತ್ತದೆ, ಮತ್ತೊಬ್ಬರಿಗೆ ಹೊಟ್ಟೆಯಲ್ಲಿ ಸಂಕಟ, ದನಿಯಲ್ಲಿ ನಡುಕ. ನಿಮ್ಮದು ಯಾವುದು ಎಂದು ಮನೆಯವರನ್ನೇ ಕೇಳಿ: “ನನಗ ಸಿಟ್ಟು ಬರಾಕತ್ತೈತಿ ಅಂತ ನಿಮಗ ಹೆಂಗ ಗೊತ್ತಾಗತೈತಿ?” ನಿಮಗಿಂತ ಮೊದಲು ಅವರಿಗೆ ತಿಳಿದಿರುತ್ತದೆ, ನಿಮ್ಮ ಹೆಜ್ಜೆಯ ಸಪ್ಪಳದಲ್ಲೇ ಗುರುತು ಹಿಡಿಯುತ್ತಾರೆ. ಎರಡು ವಾರ ಹಾಲಿನ ಲೆಕ್ಕದ ವಹಿಯ ಹಿಂಬದಿಯಲ್ಲಾದರೂ ಸರಿ, ದಿನಕ್ಕೆ ಎರಡು ಸಾಲು ಬರೆಯಿರಿ: ಯಾವ ಹೊತ್ತು, ಯಾರ ಎದುರು, ಅದಕ್ಕೆ ಮುಂಚೆ ಏನಾಗಿತ್ತು, ಮೈಯಲ್ಲಿ ಏನನಿಸಿತು, ಏನು ಮಾಡಿದಿರಿ. ಎಲ್ಲದಕ್ಕೂ ಸಿಟ್ಟು ಬರುತ್ತದೆ ಎಂದುಕೊಂಡವರಿಗೆ, ಬಹುಪಾಲು ಪ್ರಸಂಗಗಳು ಒಂದೆರಡು ಹೊತ್ತಿನಲ್ಲಿ, ಒಂದೆರಡು ವಿಷಯಗಳ ಸುತ್ತ ಇರುವುದು ಕಾಣಬಹುದು.

2. ನಿದ್ದೆ, ಹಸಿವು, ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನಿದ್ದೆಯ ಸಂಶೋಧಕ ಮ್ಯಾಥ್ಯೂ ವಾಕರ್ ಅವರ ತಂಡ 2007ರಲ್ಲಿ ಮಾಡಿದ ಪ್ರಯೋಗದಲ್ಲಿ, ಒಂದು ರಾತ್ರಿ ನಿದ್ದೆಗೆಟ್ಟವರ ಮಿದುಳಿನ ಅಮಿಗ್ಡಲ ಎಂಬ ಭಾಗ ಬೇಸರ ತರಿಸುವ ಚಿತ್ರಗಳಿಗೆ ಶೇ 60ರಷ್ಟು ಹೆಚ್ಚು ಪ್ರತಿಕ್ರಿಯಿಸಿತು. ಅಪಾಯದ ಗಂಟೆ ಬಾರಿಸುವಲ್ಲಿ ಮುಖ್ಯ ಪಾತ್ರ ಈ ಭಾಗದ್ದು. ರಾತ್ರಿ ನೀರು ಹಾಯಿಸಿ ಬಂದವರಿಗೂ, ರಾತ್ರಿ ಪಾಳಿಯಲ್ಲಿ ಪವರ್‌ಲೂಮ್ ನಡೆಸಿದವರಿಗೂ ಬೆಳಗಿನ ಸಣ್ಣ ಮಾತು ದೊಡ್ಡದಾಗಿ ಕೇಳುವುದು ಸಹಜ. ಆದ್ದರಿಂದ ಮನೆಯವರೆಲ್ಲ ಕೂತು ಒಂದು ಕಟ್ಟಳೆ ಮಾಡಿಕೊಳ್ಳಿ: ನಿದ್ದೆಗೆಟ್ಟು ಬಂದ ದಿನ ಉಂಡು, ಮಲಗಿ ಏಳುವತನಕ ದುಡ್ಡು, ಸಾಲ, ಮಕ್ಕಳ ಮಾರ್ಕ್ಸಿನ ಮಾತು ಎತ್ತುವಂತಿಲ್ಲ. ಏಪ್ರಿಲ್-ಮೇ ತಿಂಗಳ ನಡುಹಗಲಿಗೂ ಇದೇ ಕಟ್ಟಳೆ ಇರಲಿ. ಇಷ್ಟರಿಂದಲೇ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

3. ಭಾವನೆಗೆ ಸರಿಯಾದ ಹೆಸರು ಇಡಿ. ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ 2007ರಲ್ಲಿ ತೋರಿಸಿದಂತೆ, ಸಿಟ್ಟಿನ ಅಥವಾ ಭಯದ ಮುಖವೊಂದನ್ನು ನೋಡಿ ಅದರ ಭಾವವನ್ನು ಮಾತಿನಲ್ಲಿ ಗುರುತಿಸಿದಾಗ ಅಮಿಗ್ಡಲದ ಚಟುವಟಿಕೆ ತಗ್ಗುತ್ತದೆ, ಹಣೆಯ ಹಿಂದಿನ, ವಿಚಾರಕ್ಕೆ ಸಂಬಂಧಿಸಿದ ಭಾಗ ಚುರುಕಾಗುತ್ತದೆ. ಹೆಸರಿಡುವುದರಿಂದ ಇನ್ನೂ ದೊಡ್ಡ ಪ್ರಯೋಜನವೊಂದಿದೆ. “ಟೆನ್ಷನ್”, “ತಲಿ ಕೆಟ್ಟೈತಿ” ಎಂಬ ಎರಡೇ ಮಾತಿನಲ್ಲಿ ನಾವು ಹತ್ತು ಬೇರೆ ಬೇರೆ ಸಂಕಟಗಳನ್ನು ಮುಚ್ಚಿಡುತ್ತೇವೆ. ಕಾಲೇಜಿನಿಂದ ಬಸ್ ತಪ್ಪಿ ತಡವಾಗಿ ಬಂದ ಮಗಳ ಮೇಲೆ ರೇಗುವ ತಂದೆಯ ಒಳಗಿರುವುದು ಅಂಜಿಕೆ. ಕಿರಾಣಿಗೆ ದುಡ್ಡು ಕೇಳಿದ ಹೆಂಡತಿಯ ಮೇಲೆ ಹರಿಹಾಯುವವನ ಒಳಗಿರುವುದು ನಾಚಿಕೆ. ಅಣ್ಣನ ಮನೆಗೆ ಬಂದ ಹೊಸ ಟ್ರ್ಯಾಕ್ಟರಿನ ಬಗ್ಗೆ ಕುಹಕವಾಡುವವನ ಒಳಗಿರುವುದು ಹೊಟ್ಟೆಕಿಚ್ಚು, ಅದರ ಕೆಳಗೆ ತಾನು ಹಿಂದೆ ಬಿದ್ದೆನೆಂಬ ದುಃಖ. ಮೇಲೆ ಕಾಣುವುದು ಮೂವರಲ್ಲೂ ಸಿಟ್ಟೇ. ಗಂಡಸಿಗೆ ಅಂಜಿಕೆ, ಅಳು ಸಲ್ಲದೆಂದು ಕಲಿಸಿ ಬೆಳೆಸಿದ ಊರುಗಳಲ್ಲಿ ಸಿಟ್ಟೊಂದೇ ಮರ್ಯಾದೆಗೆ ಕುಂದು ತಾರದ ಭಾವನೆಯಾಗಿ ಉಳಿದಿದೆ. ಅಂಜಿಕೆ ಎಂದು ಗುರುತಾದರೆ “ನನಗ ಜೀವ ಹಾರಿದಂಗಾಗಿತ್ತವ್ವ, ತಡಾ ಆದ್ರ ಒಂದು ಫೋನ್ ಮಾಡು” ಎಂಬ ಮಾತು ಬರುತ್ತದೆ. ನಾಚಿಕೆ ಎಂದು ಗುರುತಾದರೆ ಇಬ್ಬರೂ ಕೂತು ಲೆಕ್ಕ ನೋಡಬಹುದು. ಹೆಸರು ಸರಿಯಾದರೆ ಮುಂದಿನ ಕೆಲಸ ಯಾವುದೆಂದು ತಾನಾಗಿ ಹೊಳೆಯುತ್ತದೆ.

4. ಉಸಿರನ್ನು ನಿಧಾನವಾಗಿ ಬಿಡುವುದು ರೂಢಿಸಿಕೊಳ್ಳಿ. ಉಸಿರು ಎಳೆದಾಗ ಎದೆಬಡಿತ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡಿದರೆ ಹೃದಯಕ್ಕೆ ನಿಧಾನಿಸುವ ಸೂಚನೆ ಹೋಗುತ್ತದೆ. ಮೂಗಿನಿಂದ ಎಳೆದುಕೊಳ್ಳಿ, ಎದೆ ತುಂಬಿತೆನ್ನುವಾಗ ಇನ್ನೊಂದು ಚಿಕ್ಕ ಉಸಿರು ಸೇರಿಸಿ, ಬಾಯಿಯಿಂದ ಆದಷ್ಟು ನಿಧಾನವಾಗಿ ಬಿಡಿ. ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಐದು ನಿಮಿಷ ಹೀಗೆ ಮಾಡಿದವರ ಮನಸ್ಥಿತಿ, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತು. ಬೆಳಗ್ಗೆ ಹೊಲಕ್ಕೆ ಹೋಗುವ ಮುಂಚೆ, ಮನಸ್ಸು ಶಾಂತವಿದ್ದಾಗ ಅಭ್ಯಾಸ ಮಾಡಿ. ಸಿಟ್ಟು ಬಂದ ದಿನವೇ ಮೊದಲ ಸಲ ಮಾಡಹೊರಟರೆ ನೆನಪೇ ಆಗುವುದಿಲ್ಲ. ತಲೆ ಸುತ್ತಿದಂತಾದರೆ ನಿಲ್ಲಿಸಿ ಸಹಜವಾಗಿ ಉಸಿರಾಡಿ.

5. ಜಾಗ ಬಿಡಿ, ಆದರೆ ಹೇಳಿ ಬಿಡಿ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್, ಮೈ ಉದ್ರೇಕಗೊಂಡಾಗ ಕನಿಷ್ಠ 20 ನಿಮಿಷ ಮಾತು ನಿಲ್ಲಿಸಬೇಕೆನ್ನುತ್ತಾರೆ. ಏನೂ ಹೇಳದೆ ಎದ್ದು ಹೋದರೆ ಎದುರಿನವರಿಗೆ ಅದು ತಿರಸ್ಕಾರದಂತೆ ಕಾಣುತ್ತದೆ. “ಈಗ ನನಗ ಮಾತಾಡಾಕ ಆಗೂದಿಲ್ಲ, ಊಟ ಆದಮ್ಯಾಲ ಕುಂತು ಮಾತಾಡೂಣು” ಎಂದು ಹೇಳಿ ಹೋಗಿ. ಹೇಳಿದ ಹೊತ್ತಿಗೆ ತಪ್ಪದೆ ಬನ್ನಿ. ಮರಳಿ ಬರುವುದೇ ಇದರಲ್ಲಿ ಮುಖ್ಯ. ಒಮ್ಮೆ ತಪ್ಪಿಸಿದರೆ ಮುಂದಿನ ಸಲ ಮನೆಯವರು ನಿಮ್ಮನ್ನು ಹೋಗಗೊಡುವುದಿಲ್ಲ. ಹೋದ ಮೇಲೆ ಏನು ಮಾಡಬೇಕು? ನಿಧಾನವಾಗಿ ನಡೆಯಿರಿ, ದನಕ್ಕೆ ಮೇವು ಹಾಕಿ, ಮುಖ ತೊಳೆಯಿರಿ. ಆ ಸ್ಥಿತಿಯಲ್ಲಿ ಬೈಕ್ ಹತ್ತಬೇಡಿ. ನಿಮ್ಮ ಸಿಟ್ಟಿಗೆ ತುಪ್ಪ ಸುರಿಯುವ ಗೆಳೆಯನಿಗೆ ಫೋನ್ ಮಾಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಅಂತೂ ಕಳಿಸಲೇಬೇಡಿ. ಆಡಿದ ಮಾತು ಮರೆಯಬಹುದು, ದಾಖಲಾದ ದನಿಯನ್ನು ಜನ ವರ್ಷಗಟ್ಟಲೆ ಕೇಳಿಸಿಕೊಳ್ಳುತ್ತಾರೆ.

6. “ಹೀಗಾದರೆ ಹೀಗೆ” ಎಂದು ಮೊದಲೇ ನಿಶ್ಚಯಿಸಿ. “ಇನ್ನು ಮುಂದೆ ಸಿಟ್ಟು ಮಾಡುವುದಿಲ್ಲ” ಎಂಬ ಸಂಕಲ್ಪ ಯುಗಾದಿಯ ಮರುದಿನ ಮುರಿಯುತ್ತದೆ, ಏಕೆಂದರೆ ಯಾವಾಗ ಏನು ಮಾಡಬೇಕೆಂದು ಅದರಲ್ಲಿಲ್ಲ. “ಮಗ ಪುಸ್ತಕ ಒಗೆದು ಮೊಬೈಲ್ ಹಿಡಿದರೆ, ನಾನು ಮೊದಲು ಒಂದು ಗ್ಲಾಸ್ ನೀರು ಕುಡಿದು ಆಮೇಲೆ ಅವನ ಹೆಸರು ಕರೆಯುತ್ತೇನೆ” ಎಂಬುದು ಸಣ್ಣ ನಿಶ್ಚಯ, ಆದರೆ ಕೆಲಸ ಮಾಡುತ್ತದೆ. ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ನಡೆಸಿದ ಸಂಶೋಧನೆ ಇಂಥ ನಿಶ್ಚಯಗಳ ಮೇಲೆಯೇ. ಸನ್ನಿವೇಶವೇ ಕೆಲಸವನ್ನು ನೆನಪಿಸುವುದರಿಂದ ಆ ಗಳಿಗೆಯಲ್ಲಿ ಹೊಸದಾಗಿ ಯೋಚಿಸಬೇಕಾಗುವುದಿಲ್ಲ.

ಚಿಂತೆಯ ಮಾತು ಬೇರೆ

ಸಿಟ್ಟು ಗಳಿಗೆಯದು, ಚಿಂತೆ ವರ್ಷಗಳದು. ಹಾಗಾಗಿ ಅದಕ್ಕೆ ಬೇರೆ ಕ್ರಮ ಬೇಕು. ಆಲಮಟ್ಟಿ ಅಣೆಕಟ್ಟಿನ ಚಿಂತೆಯನ್ನೇ ನೋಡಿ: ಅಲ್ಲಿ ಈಗ ನೀರು ನಿಲ್ಲುವ ಮಟ್ಟ 519.60 ಮೀಟರ್. 524.256 ಮೀಟರಿಗೆ ಎತ್ತರಿಸಲು ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಒಪ್ಪಿತು. ಅಂದಿನಿಂದ ಹಿನ್ನೀರಿನ ಅಂಚಿನ ಊರುಗಳಲ್ಲಿ ಮನೆ ರಿಪೇರಿ ಮಾಡಿಸಬೇಕೋ ಬೇಡವೋ, ಬಾವಿ ತೋಡಿಸಬೇಕೋ ಬೇಡವೋ ಎಂಬ ಪ್ರಶ್ನೆ ಕಾಡುತ್ತಲೇ ಇದೆ. ಲಂಡನ್ನಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೈಗೆ ಸಣ್ಣ ವಿದ್ಯುತ್ ಆಘಾತ ಖಂಡಿತ ಆಗುತ್ತದೆಂದು ತಿಳಿದವರಿಗಿಂತ, ಆಗಲೂಬಹುದು ಆಗದಿರಲೂಬಹುದು ಎಂಬ ಅನುಮಾನದಲ್ಲಿದ್ದವರ ಒತ್ತಡ ಹೆಚ್ಚಿತ್ತು. ಕೆಟ್ಟ ಸುದ್ದಿಗಿಂತ ಬಾರದ ಸುದ್ದಿ ಹೆಚ್ಚು ದಣಿಸುತ್ತದೆ. ಆದ್ದರಿಂದ “ಚಿಂತಿ ಮಾಡಬ್ಯಾಡ” ಎಂದು ಹೇಳುವುದು ಹಿನ್ನೀರಿನ ಊರುಗಳವರಿಗೆ ಉಪಯೋಗವಿಲ್ಲದ ಮಾತು. ಒಂದು ವಿಷಯವನ್ನು ನೆನೆಯಬೇಡ ಎಂದಷ್ಟೂ ಅದೇ ನೆನಪಾಗುತ್ತದೆಂದು ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲೇ ತೋರಿಸಿದ್ದಾರೆ.

ಮಾಡಬಹುದಾದದ್ದು ಇಷ್ಟು. ಚಿಂತೆಗೆ ದಿನದಲ್ಲಿ ಒಂದು ಹೊತ್ತು ಕೊಡಿ, ಸಂಜೆ ಕಾಲು ತಾಸು, ಕಾಗದ ಪೆನ್ನಿನ ಜತೆ. ಹಾಳೆಯ ನಡುವೆ ಗೆರೆ ಎಳೆದು, ನನ್ನ ಕೈಯಲ್ಲಿರುವುದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ ಬರೆಯಿರಿ. ಅಣೆಕಟ್ಟಿನ ಮಟ್ಟ ನಿಮ್ಮ ಕೈಯಲ್ಲಿಲ್ಲ. ಉತಾರದಲ್ಲಿ ಹೆಸರು ಸರಿಯಿದೆಯೇ, ತೀರಿಹೋದ ತಂದೆಯ ಹೆಸರಿನಿಂದ ವಾರಸಾ ಆಗಿದೆಯೇ, ಅಣ್ಣತಮ್ಮಂದಿರ ಪಾಲು ಕಾಗದದಲ್ಲಿದೆಯೇ, ಮನೆಯ ಅಳತೆ ದಾಖಲಾಗಿದೆಯೇ, ಇವೆಲ್ಲ ನಿಮ್ಮ ಕೈಯಲ್ಲಿವೆ. ನಾಳೆ ಮಾಡುವ ಒಂದು ಕೆಲಸಕ್ಕೆ ಸುತ್ತು ಹಾಕಿ ವಹಿ ಮುಚ್ಚಿ. ರಾತ್ರಿ ಎರಡಕ್ಕೆ ಎಚ್ಚರವಾಗಿ ಅದೇ ಯೋಚನೆ ಬಂದರೆ ಸಂಜೆಯ ಹೊತ್ತಿಗೆ ಮುಂದೂಡಿ. ಮೊದಲ ಕೆಲವು ದಿನ ಮನಸ್ಸು ಒಪ್ಪುವುದಿಲ್ಲ. ಆ ಹೊತ್ತು ಖಂಡಿತ ಬರುತ್ತದೆಂಬ ನಂಬಿಕೆ ಹುಟ್ಟಿದ ಮೇಲೆ ಮುಂದೂಡುವುದು ಹಗುರಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಎಲ್ಲಕ್ಕಿಂತ ದೊಡ್ಡದು ಕುಡಿತವನ್ನು ಮನಸ್ಸು ತಣಿಸುವ ಔಷಧವೆಂದು ತಿಳಿಯುವುದು. ಮದ್ಯ ಮೊದಲು ಮಂಕುಗೊಳಿಸುವುದು ತಡೆಯುವ, ವಿಚಾರ ಮಾಡುವ ಶಕ್ತಿಯನ್ನೇ. ಸಿಟ್ಟು, ದುಃಖ ಹಾಗೆಯೇ ಉಳಿದು ತಡೆ ಮಾತ್ರ ಕಳಚುತ್ತದೆ. ನಿದ್ದೆ ಬೇಗ ಹತ್ತಿದರೂ ಅರ್ಧ ರಾತ್ರಿಗೆ ಮುರಿಯುತ್ತದೆ.

ಇನ್ನೊಂದು ತಪ್ಪು, ಸಿಟ್ಟಿನಲ್ಲಿರುವ ಇನ್ನೊಬ್ಬರಿಗೆ “ಸಮಾಧಾನ ಮಾಡ್ಕೋ, ಉಸಿರು ತಗೋ” ಎಂದು ಉಪದೇಶ ಮಾಡುವುದು. ಈ ಲೇಖನ ಓದಿದವರು ಮೊದಲು ಮಾಡುವ ತಪ್ಪೂ ಇದೇ ಆದೀತು. ಆ ಹೊತ್ತಿಗೆ ನಿಮ್ಮ ದನಿ ತಗ್ಗಿಸಿ, ಅವರ ಮಾತು ಪೂರ್ತಿ ಕೇಳಿ. ಕಲಿಸುವ ಕೆಲಸ ಮರುದಿನಕ್ಕೆ ಇರಲಿ. ಮಕ್ಕಳ ವಿಷಯದಲ್ಲಂತೂ ಅಳುವ ಮಗುವನ್ನು ಗದರಿ ಸುಮ್ಮನಾಗಿಸಿದರೆ ಅದು ಸುಮ್ಮನಿರುವುದನ್ನು ಕಲಿಯುತ್ತದೆ, ಸಮಾಧಾನಗೊಳ್ಳುವುದನ್ನಲ್ಲ. ಇನ್ನು, ಮೂರು ವಾರ ಚೆನ್ನಾಗಿದ್ದು ಒಂದು ದಿನ ಕೂಗಾಡಿಬಿಟ್ಟರೆ ಎಲ್ಲವೂ ವ್ಯರ್ಥವಾಯಿತೆಂದು ಕೈಬಿಡುವವರಿದ್ದಾರೆ. ಆ ದಿನದ ಪ್ರಸಂಗವನ್ನೂ ವಹಿಯಲ್ಲಿ ಬರೆಯಿರಿ, ನೊಂದವರ ಹತ್ತಿರ ತಪ್ಪಾಯಿತೆಂದು ನೇರವಾಗಿ ಹೇಳಿ, ಅವರು ಒಡನೆ ಕ್ಷಮಿಸಬೇಕೆಂದು ಕೇಳಬೇಡಿ.

ಅನ್ಯಾಯಕ್ಕೂ ಸಿಟ್ಟಾಗಬಾರದೆ?

ಇದು ಗಂಭೀರವಾದ ಪ್ರಶ್ನೆ. ಕಬ್ಬಿನ ಬಿಲ್ ಬಾರದವನಿಗೆ, ಪರಿಹಾರಕ್ಕೆ ಅಲೆದು ಚಪ್ಪಲಿ ಸವೆಸಿದವನಿಗೆ, ಮಜೂರಿ ಏರದ ನೇಕಾರನಿಗೆ ಉಸಿರಾಟ ಹೇಳಿಕೊಡುವುದು ಅವನ ಬಾಯಿ ಮುಚ್ಚಿಸುವ ಉಪಾಯವಲ್ಲವೆ? ಹಾಗೆ ಬಳಸುವವರಿದ್ದರೆ ಅದು ದ್ರೋಹವೇ ಸರಿ. ಅನ್ಯಾಯ ಕಂಡು ಏಳುವ ಸಿಟ್ಟು ಒಂದು ಸುದ್ದಿ. ಎಲ್ಲೋ ತಪ್ಪು ನಡೆದಿದೆ ಎಂದು ಅದು ಹೇಳುತ್ತದೆ. ಆ ಸುದ್ದಿಯನ್ನು ಕೇಳಬೇಕು. ಕೇಳಿದ ಮೇಲೆ ಅದು ಯಾರ ಬಾಗಿಲಿಗೆ ಹೋಗಬೇಕು ಎಂಬುದು ಮುಂದಿನ ಪ್ರಶ್ನೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಷ್ಟು ಬಡ್ಡಿ ಸೇರಿಸಬೇಕು. ತೂಕದ ಚೀಟಿ, ಪೂರೈಸಿದ ತಾರೀಖು, ಬಾಕಿಯ ಮೊತ್ತ ಬರೆದು ಹತ್ತು ಜನ ಸಹಿ ಮಾಡಿ ಜಿಲ್ಲಾಧಿಕಾರಿಗೆ ಕೊಟ್ಟ ಅರ್ಜಿಯಲ್ಲಿ ಸಿಟ್ಟು ಪೂರ್ತಿಯಾಗಿ ಇರುತ್ತದೆ, ವ್ಯರ್ಥವಾಗಿ ಸೋರಿರುವುದಿಲ್ಲ. ಅದೇ ಸಿಟ್ಟು ಮನೆಯಲ್ಲಿ ಮಗುವಿನ ಬೆನ್ನ ಮೇಲೆ ಇಳಿದ ದಿನ ಕಾರ್ಖಾನೆಗೆ ಒಂದು ರೂಪಾಯಿಯ ನಷ್ಟವೂ ಇಲ್ಲ. ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು ಮುನಿಸನ್ನು ಕಳವು, ಕೊಲೆ, ಸುಳ್ಳಿನ ಸಾಲಿನಲ್ಲೇ ಇಟ್ಟು ಬೇಡವೆಂದರು. ಜಾತಿಯ ಮೇಲುಕೀಳನ್ನು ಎದುರಿಸಿ ನಿಂತವರೂ ಅವರೇ. ಮುನಿಸು ಬಿಡುವುದಕ್ಕೂ ಅನ್ಯಾಯಕ್ಕೆ ತಲೆಬಾಗುವುದಕ್ಕೂ ಸಂಬಂಧವಿಲ್ಲ.

ಇದೇ ಕಾರಣಕ್ಕೆ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೇಲಿನ ಕ್ರಮಗಳು ಹೊಡೆತ ತಿನ್ನುತ್ತಿರುವವರಿಗೆ ಸಹನೆ ಕಲಿಸಲು ಬರೆದವಲ್ಲ. ಮನೆಯಲ್ಲಿ ಏಟು ಬೀಳುತ್ತಿದ್ದರೆ ಕಲಿಯಬೇಕಾದವರು ಹೊಡೆಯುವವರು. ಹೊಡೆತ ತಿನ್ನುವವರು 181 ಮಹಿಳಾ ಸಹಾಯವಾಣಿಗೆ ಅಥವಾ ತುರ್ತಿದ್ದಾಗ 112ಕ್ಕೆ ಕರೆ ಮಾಡಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇರುವುದೇ ಅವರಿಗಾಗಿ.

ಎಚ್ಚರಿಕೆ: ಇಷ್ಟರಿಂದ ಆಗದಿದ್ದಾಗ

ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಗಳು ನಮ್ಮ ಎಷ್ಟೋ ಮನೆಗಳಲ್ಲಿ ಕೈಗೆ ಸಿಗುವಂತಿರುತ್ತವೆ. ಜೀವ ಕಳೆದುಕೊಳ್ಳುವ ಯೋಚನೆ ಹಲವರಲ್ಲಿ ಅಲೆಯಂತೆ ಏರಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ; ಆ ಹೊತ್ತು ದಾಟಿದರೆ ಬಹಳ ಜನ ಬದುಕುತ್ತಾರೆ. ಶ್ರೀಲಂಕಾ 1995ರಲ್ಲಿ ಅತಿ ವಿಷದ ಕೀಟನಾಶಕಗಳನ್ನು ನಿಲ್ಲಿಸಿದ ಮೇಲೆ ಹತ್ತು ವರ್ಷಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಸಾಲ, ಜಗಳ, ಸಿಟ್ಟು ಆ ದೇಶದಲ್ಲಿ ಕಡಿಮೆಯಾಗಿರಲಿಲ್ಲ. ಕೈಗೆ ಸಿಗುವ ವಿಷ ಮೊದಲಿನಷ್ಟು ಮಾರಕವಾಗಿರಲಿಲ್ಲ. ನಿಮ್ಮ ಮನೆಯಲ್ಲೂ ವಿಷ ಸುಲಭವಾಗಿ ಕೈಗೆ ಸಿಗದಂತೆ ಮಾಡಬಹುದು: ಬೇಕಾದಷ್ಟೇ ಎಣ್ಣೆ ತನ್ನಿ, ಉಳಿದದ್ದನ್ನು ವಾಸದ ಮನೆಯಿಂದ ದೂರ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ಬೀಗದ ಕೈ ಇನ್ನೊಬ್ಬರ ಹತ್ತಿರ ಇರಲಿ. ಯಾರ ಮೇಲೂ ಅನುಮಾನವಿಲ್ಲದಿದ್ದಾಗಲೇ, ಇವತ್ತೇ ಮಾಡಿ.

ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಬೇಸರ, ನಿದ್ದೆ ಊಟ ತಪ್ಪುವುದು, ಯಾವ ಕೆಲಸವೂ ಬೇಡವೆನಿಸುವುದು, ಕೈ ತಡೆಯಲಾಗದೆ ಮನೆಯವರನ್ನು ಹೊಡೆಯುವುದು, ಕುಡಿತ ಬಿಡಲಾಗದಿರುವುದು, “ನಾನಿಲ್ಲದಿದ್ರ ಎಲ್ಲಾರೂ ಆರಾಮ ಇರ್ತಾರ” ಎಂಬ ಮಾತು, ಇವು ಲೇಖನ ಓದಿ ಸರಿಪಡಿಸಿಕೊಳ್ಳುವ ಸಂಗತಿಗಳಲ್ಲ, ವೈದ್ಯರಿಗೆ ಹೇಳುವಂಥವು. “ನಾನಿಲ್ಲದಿದ್ರ” ಎಂಬಂಥ ಮಾತಾಡಿದವರನ್ನು “ಸಾಯುವ ವಿಚಾರ ಬರುತ್ತಿದೆಯೇ” ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ. ಅವರನ್ನು ಒಬ್ಬರನ್ನೇ ಬಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ತಾಸೂ ಉಚಿತವಾಗಿ ಸಿಗುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಕರೆ ಮಾಡುವುದು ಸಂಕಟದಲ್ಲಿರುವವರೇ ಆಗಬೇಕೆಂದಿಲ್ಲ. ಅಣ್ಣನಿಗಾಗಿ ತಂಗಿ, ಗಂಡನಿಗಾಗಿ ಹೆಂಡತಿ, ಮಗನಿಗಾಗಿ ತಾಯಿ 14416ಕ್ಕೆ ಕರೆ ಮಾಡಿ ಏನು ಮಾಡಬೇಕೆಂದು ಕೇಳಬಹುದು.